ಗೇಮಿಂಗ್ ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ? ದುಡ್ಡು ಕೊಡುವ ಮೊದಲು ಹಂತ ಹಂತವಾಗಿ ತೀರ್ಮಾನಿಸುವ ಬಗೆ

ಸಿಇಟಿ ಸೀಟು ಸಿಕ್ಕಿದ ವಾರವೇ ಸಾಗರದಿಂದ ಚಿಕ್ಕಪ್ಪನ ಮಗನ ಫೋನ್ ಬಂತು. "ಅಣ್ಣಾ, ಅಪ್ಪ ತೊಂಬತ್ತು ಸಾವಿರ ಕೊಡ್ತಾರಂತೆ. ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಲಾ, ಡೆಸ್ಕ್‌ಟಾಪ್ ಜೋಡಿಸಲಾ?" ನಾನು ಯಾವ ಆಟ ಆಡ್ತೀಯ ಅಂತ ಕೇಳಲಿಲ್ಲ. "ಮೈಸೂರಲ್ಲಿ ಎಲ್ಲಿ ಇರ್ತೀಯ? ಮೇಜು ಇದೆಯಾ? ತಿಂಗಳಿಗೆ ಎಷ್ಟು ಸಲ ಊರಿಗೆ ಬರ್ತೀಯ?" ಅಂತ ಕೇಳಿದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಆದರೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಅಂತ ಮಾತಾಡಿ ಪ್ರಯೋಜನವಿಲ್ಲ.

ಹತ್ತು ವರ್ಷದಿಂದ ನೆಂಟರಿಗೆ, ಗೆಳೆಯರಿಗೆ ಕಂಪ್ಯೂಟರ್ ಆರಿಸಿಕೊಡುತ್ತಿದ್ದೇನೆ. ತಪ್ಪು ಖರೀದಿ ಆದ ಕಡೆಯಲ್ಲೆಲ್ಲ ಕಾರಣ ಬಹುತೇಕ ಒಂದೇ: ಯಂತ್ರದ ಬಗ್ಗೆ ತಿಂಗಳುಗಟ್ಟಲೆ ಓದಿರುತ್ತಾರೆ, ಅದು ಹೋಗಿ ಕೂರುವ ಕೋಣೆಯ ಬಗ್ಗೆ ಐದು ನಿಮಿಷ ಯೋಚಿಸಿರುವುದಿಲ್ಲ. ಹಾಗಾಗಿ ಕೋಣೆಯಿಂದಲೇ ಶುರು ಮಾಡೋಣ.

ಹಂತ 1: ಒಂದು ವಾರದ ಲೆಕ್ಕ ಬರೆಯಿರಿ

ಒಂದು ಹಾಳೆ ತಗೊಳ್ಳಿ. ಸೋಮವಾರದಿಂದ ಭಾನುವಾರದವರೆಗೆ ಬರೆದು, ಪ್ರತಿ ದಿನದ ಎದುರು ಕಂಪ್ಯೂಟರ್ ಆವತ್ತು ಕೋಣೆಯಿಂದ ಹೊರಗೆ ಹೋಗಬೇಕಾ ಅಂತ ಗುರುತು ಹಾಕಿ. ಮುಂದೆ ಬೇಕಾಗಬಹುದು ಅನ್ನುವ ಊಹೆ ಬೇಡ. ನಿಜವಾಗಿ ಲ್ಯಾಬ್‌ಗೆ, ಆಫೀಸಿಗೆ, ಊರಿಗೆ ಒಯ್ಯುವ ದಿನಗಳನ್ನಷ್ಟೇ ಲೆಕ್ಕ ಹಿಡಿಯಿರಿ.

ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ ಅಂದರೆ ಲ್ಯಾಪ್‌ಟಾಪ್. ಅಲ್ಲಿಗೆ ವಾದ ಮುಗಿಯಿತು. ಒಂದು ದಿನವೂ ಹೋಗುವುದಿಲ್ಲ ಅಂದರೆ ಡೆಸ್ಕ್‌ಟಾಪ್. ಕಷ್ಟ ಇರುವುದು ಮಧ್ಯದವರಿಗೆ: ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಹೋಗುವವರು, ವರ್ಷಕ್ಕೊಮ್ಮೆ ಪಿಜಿ ಬದಲಾಯಿಸುವವರು. ಇವರು ಮುಂದಿನ ಹಂತಗಳನ್ನು ಗಮನವಿಟ್ಟು ಓದಬೇಕು.

ತೂಕದ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡಿ. ಸಾಮಾನ್ಯ ಗೇಮಿಂಗ್ ಲ್ಯಾಪ್‌ಟಾಪ್ 2.2ರಿಂದ 2.5 ಕಿಲೋ ತೂಗುತ್ತದೆ. ಜಾಹೀರಾತಿನಲ್ಲಿ ಅಡಾಪ್ಟರಿನ ತೂಕ ಹೇಳುವುದಿಲ್ಲ. ಇಟ್ಟಿಗೆಯಂಥ ಆ ಡಬ್ಬಿ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಇರುತ್ತದೆ. ಬ್ಯಾಗು, ಪುಸ್ತಕ, ನೀರಿನ ಬಾಟಲಿ ಸೇರಿದರೆ ಐದು ಕಿಲೋ ಹತ್ತಿರ. ಸಿಟಿ ಬಸ್ಸಿನಲ್ಲಿ ನಿಂತು ಹೋಗುವವರು ಒಮ್ಮೆ ಐದು ಕಿಲೋ ಅಕ್ಕಿಯನ್ನು ಬೆನ್ನಿಗೆ ಹಾಕಿಕೊಂಡು ಅರ್ಧ ಗಂಟೆ ಓಡಾಡಿ ನೋಡಿ. ಅಡಾಪ್ಟರ್ ಕೋಣೆಯಲ್ಲೇ ಬಿಟ್ಟು ಹೋಗುತ್ತೇನೆ ಅಂದುಕೊಳ್ಳಬೇಡಿ. ಬ್ಯಾಟರಿ ಮೇಲೆ ದೊಡ್ಡ ಆಟ ಆಡಿದರೆ ಒಂದು ಗಂಟೆ ಬಂದರೆ ಹೆಚ್ಚು.

ಹಾಸ್ಟೆಲ್ ಅಥವಾ ಪಿಜಿಯಲ್ಲಿ ಡೆಸ್ಕ್‌ಟಾಪ್ ಇಡಲು ಬಿಡುತ್ತಾರಾ ಅಂತ ವಾರ್ಡನ್ ಹತ್ತಿರ ಮೊದಲೇ ಕೇಳಿ. ಕೆಲವು ಕಡೆ ಬಿಡುವುದಿಲ್ಲ, ಕೆಲವು ಕಡೆ ಒಬ್ಬರಿಗೆ ಒಂದೇ ಪ್ಲಗ್ ಪಾಯಿಂಟ್.

ಹಂತ 2: ಆಟಗಳ ಪಟ್ಟಿ ಮಾಡಿ

ಇದು ಸುಲಭದ ಹಂತ. ಮುಂದಿನ ಆರು ತಿಂಗಳಲ್ಲಿ ನೀವು ನಿಜವಾಗಿ ಆಡುವ ಐದು ಆಟಗಳನ್ನು ಬರೆಯಿರಿ.

ಪಟ್ಟಿಯಲ್ಲಿ ಇರುವುದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಮೈನ್‌ಕ್ರಾಫ್ಟ್ ಥರದವು ಮಾತ್ರ ಅಂದರೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಇವಕ್ಕೆ ಒಳ್ಳೆಯ ಪ್ರೊಸೆಸರ್ ಮತ್ತು 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವ) ಅಥವಾ ಅದಕ್ಕಿಂತ ವೇಗದ ಪರದೆ ಮುಖ್ಯ. ಸೈಬರ್‌ಪಂಕ್ 2077 ಥರದ ದೊಡ್ಡ ಆಟಗಳಿದ್ದರೆ ಬಜೆಟ್‌ನ ದೊಡ್ಡ ಪಾಲು ಗ್ರಾಫಿಕ್ಸ್‌ಗೆ ಹೋಗಬೇಕು. ಡೆಸ್ಕ್‌ಟಾಪಿನ ಅನುಕೂಲ ಎದ್ದು ಕಾಣುವುದೂ ಅಲ್ಲೇ.

ಒಂದು ಎಚ್ಚರಿಕೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ಸೌಲಭ್ಯಗಳೂ ಆನ್ ಇರಬೇಕು. ಕಡಿಮೆ ಬೆಲೆಗೆ ಸಿಗುತ್ತೆ ಅಂತ ಹಳೇ ಆಫೀಸ್ ಕಂಪ್ಯೂಟರ್ ತಂದು ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕುವವರು ಇದನ್ನು ನೋಡದೆ ದುಡ್ಡು ಕೊಡಬೇಡಿ.

ಹಂತ 3: ಸ್ಟಿಕ್ಕರಿನ ಹೆಸರು ಬಿಟ್ಟು ವ್ಯಾಟ್ ನೋಡಿ

ಅತಿ ಹೆಚ್ಚು ಜನ ಮೋಸ ಹೋಗುವುದು ಇಲ್ಲಿ. ಅಂಗಡಿಯವರೂ ಬೇಕೆಂದೇ ಮೋಸ ಮಾಡುತ್ತಿರುವುದಿಲ್ಲ, ಬಹಳ ಕಡೆ ಅವರಿಗೂ ಗೊತ್ತಿರುವುದಿಲ್ಲ.

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ಗೂ ಡೆಸ್ಕ್‌ಟಾಪ್ ಕಾರ್ಡ್‌ಗೂ ಹೆಸರು ಒಂದೇ ಇರುತ್ತದೆ. ಒಳಗೆ ಇರುವುದು ಬೇರೆ. ಉದಾಹರಣೆಗೆ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4070 ನೋಡಿ. ಡೆಸ್ಕ್‌ಟಾಪಿನಲ್ಲಿ ಅದಕ್ಕೆ 5,888 ಕೋರ್ (ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕಗಳು), 12 ಜಿಬಿ ಮೆಮೊರಿ, 200 ವ್ಯಾಟ್. ಲ್ಯಾಪ್‌ಟಾಪಿನ 4070ಗೆ 4,608 ಕೋರ್, 8 ಜಿಬಿ ಮೆಮೊರಿ. 5070ರಲ್ಲೂ ಇದೇ ಕಥೆ: ಡೆಸ್ಕ್‌ಟಾಪಿನಲ್ಲಿ 12 ಜಿಬಿ, 250 ವ್ಯಾಟ್, ಲ್ಯಾಪ್‌ಟಾಪಿನಲ್ಲಿ 8 ಜಿಬಿ. ಮೇಲಕ್ಕೆ ಹೋದಷ್ಟೂ ಅಂತರ ಜಾಸ್ತಿ. ಲ್ಯಾಪ್‌ಟಾಪಿನ 4090 ಒಳಗಿರುವುದು ಡೆಸ್ಕ್‌ಟಾಪ್ 4080ಗೆ ಬಳಸಿದ ಚಿಪ್. ಡೆಸ್ಕ್‌ಟಾಪಿನ 4090 ಒಂದೇ 450 ವ್ಯಾಟ್ ಎಳೆಯುತ್ತದೆ. ಅಷ್ಟು ಬಿಸಿಯನ್ನು ಎರಡೂವರೆ ಕಿಲೋ ಡಬ್ಬಿಯಿಂದ ಹೊರಗೆ ಹಾಕಲು ಯಾರಿಂದಲೂ ಆಗುವುದಿಲ್ಲ.

ಕೆಳಗಿನ ಮಟ್ಟದಲ್ಲಿ ಅಂತರ ಕಡಿಮೆ. 4060ಗೆ ಎರಡೂ ಕಡೆ 3,072 ಕೋರ್, 8 ಜಿಬಿ. ಹಾಗಾಗಿ ಮಧ್ಯಮ ಬಜೆಟ್ಟಿನವರಿಗೆ ಲ್ಯಾಪ್‌ಟಾಪ್ ಅಷ್ಟೇನೂ ನಷ್ಟದ ವ್ಯವಹಾರವಲ್ಲ. ಆದರೆ ಇಲ್ಲಿ ಇನ್ನೊಂದು ಬಲೆ ಇದೆ. ಲ್ಯಾಪ್‌ಟಾಪಿನ 4060ಗೆ ಕನಿಷ್ಠ 35 ವ್ಯಾಟಿನಿಂದ ಗರಿಷ್ಠ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಕೊಡಲು ಎನ್‌ವಿಡಿಯಾ ಬಿಟ್ಟಿದೆ. ಪ್ರೊಸೆಸರಿನ ಪಾಲಿನ ವ್ಯಾಟನ್ನು ಗ್ರಾಫಿಕ್ಸ್‌ಗೆ ಕೊಡುವ ಡೈನಾಮಿಕ್ ಬೂಸ್ಟ್ ಸೇರಿ ಕೆಲವು ಮಾಡೆಲ್‌ಗಳಲ್ಲಿ 140ರವರೆಗೂ ಹೋಗುತ್ತದೆ. ವ್ಯಾಟ್ ಕಡಿಮೆಯಾದರೆ ಚಿಪ್ ನಿಧಾನವಾಗುತ್ತದೆ. ಎಷ್ಟು ಕೊಡಬೇಕು ಅನ್ನುವುದು ಲ್ಯಾಪ್‌ಟಾಪ್ ಕಂಪನಿಯ ತೀರ್ಮಾನ. ಅಂದರೆ ಒಂದೇ ಹೆಸರಿನ ಚಿಪ್ ಇರುವ ಎರಡು ಲ್ಯಾಪ್‌ಟಾಪ್‌ಗಳು ಆಟದಲ್ಲಿ ಬೇರೆ ಬೇರೆ ದರ್ಜೆಯವಾಗಿರಬಹುದು.

ಸಾಗರದ ಆ ತಮ್ಮನ ಜೊತೆ ಅಂಗಡಿಗೆ ಹೋದಾಗ ಇದನ್ನು ಕಣ್ಣೆದುರೇ ನೋಡಿದೆವು. ಅಕ್ಕಪಕ್ಕ ಎರಡು ಲ್ಯಾಪ್‌ಟಾಪ್, ಎರಡರ ಮೇಲೂ 4060 ಸ್ಟಿಕ್ಕರ್. ಒಂದು ತೆಳ್ಳಗೆ, ನೋಡಲು ಚಂದ. ಇನ್ನೊಂದು ದಪ್ಪ, ಹಿಂದುಗಡೆ ಗಾಳಿ ಕಿಂಡಿಗಳು ಚಾಚಿಕೊಂಡಿದ್ದವು. ತಮ್ಮನ ಕೈ ತೆಳ್ಳಗಿನದರ ಮೇಲೇ ಇತ್ತು. ಎರಡರಲ್ಲೂ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು ಸಿಸ್ಟಂ ಇನ್ಫರ್ಮೇಶನ್ ಒತ್ತಿದೆವು. ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅನ್ನುವ ಸಾಲು ಇರುತ್ತದೆ. ತೆಳ್ಳಗಿನದರಲ್ಲಿ 85 ವ್ಯಾಟ್, ದಪ್ಪದರಲ್ಲಿ 140 ವ್ಯಾಟ್. ಬೆಲೆ ನೋಡಿದರೆ ತೆಳ್ಳಗಿನದೇ ನಾಲ್ಕು ಸಾವಿರ ಜಾಸ್ತಿ. ಮೇಜಿನ ಕೆಳಗಿದ್ದ ಅಡಾಪ್ಟರ್‌ಗಳೂ ಅದನ್ನೇ ಹೇಳುತ್ತಿದ್ದವು: ಒಂದು 180 ವ್ಯಾಟಿನದು, ಇನ್ನೊಂದು 230.

ಆನ್‌ಲೈನಿನಲ್ಲಿ ತಗೊಳ್ಳುವವರು ಪೂರ್ತಿ ಮಾಡೆಲ್ ನಂಬರ್ ಹಿಡಿದು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಟಿಜಿಪಿ (ಗ್ರಾಫಿಕ್ಸ್ ಚಿಪ್‌ಗೆ ಸಿಗುವ ಒಟ್ಟು ವ್ಯಾಟ್) ಅನ್ನುವ ಅಂಕಿ ಹುಡುಕಿ. ಎಲ್ಲೂ ಬರೆದಿಲ್ಲ ಅಂದರೆ ನಾನಾದರೆ ಆ ಮಾಡೆಲ್ ಬಿಟ್ಟು ಮುಂದೆ ಹೋಗುತ್ತೇನೆ. ಚೆನ್ನಾಗಿದ್ದರೆ ದೊಡ್ಡಕ್ಷರದಲ್ಲೇ ಹಾಕುತ್ತಿದ್ದರು ಅಲ್ವಾ?

ಪ್ರೊಸೆಸರ್ ಹೆಸರಿನಲ್ಲೂ ಇಂಥ ಗೋಜಲು ಇದೆ. ಎಎಂಡಿ ಕಂಪನಿಯ ರೈಝೆನ್ 7 7735ಎಚ್‌ಎಸ್ ಮತ್ತು 7840ಎಚ್‌ಎಸ್ ಎರಡೂ ಏಳು ಸಾವಿರದ ಸರಣಿಯವೇ. ಆದರೆ ಮೂರನೇ ಅಂಕಿ 3 ಇರುವುದು ಹಳೇ ಝೆನ್ 3+ ವಿನ್ಯಾಸ, 4 ಇರುವುದು ಝೆನ್ 4. ಒಂದು ತಲೆಮಾರಿನ ವ್ಯತ್ಯಾಸ.

ಹಂತ 4: ಬಿಸಿ ಮತ್ತು ಸದ್ದು

ಸಾಗರದ ಮಳೆಗಾಲದಲ್ಲಿ ಚೆನ್ನಾಗಿ ಓಡುವ ಲ್ಯಾಪ್‌ಟಾಪ್ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಹಾಗೆ ಓಡುವುದಿಲ್ಲ. ಕೋಣೆಯೇ 38 ಡಿಗ್ರಿ ಇದ್ದರೆ ಫ್ಯಾನ್ ಒಳಗೆಳೆಯುವ ಗಾಳಿಯೂ 38 ಡಿಗ್ರಿ. ಪ್ರೊಸೆಸರ್ 95ರಿಂದ 100 ಡಿಗ್ರಿ ಆಸುಪಾಸು ಮುಟ್ಟಿದ ಮೇಲೆ ತನ್ನನ್ನು ಉಳಿಸಿಕೊಳ್ಳಲು ವೇಗ ಕಡಿಮೆ ಮಾಡುತ್ತದೆ. ಆಟ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಜಗ್ಗಲು ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಬಿಸಿಯನ್ನೇ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಎಸಿ ಇಲ್ಲದ ಕೋಣೆಯಲ್ಲಿ ದಿನಾ ಆಡುವವರಿಗೆ, ಹಂತ 1ರಲ್ಲಿ ಉತ್ತರ ಅರೆಬರೆ ಬಂದಿದ್ದರೆ, ನಾನು ಡೆಸ್ಕ್‌ಟಾಪ್ ಕಡೆಗೇ ವಾಲುತ್ತೇನೆ. ದೊಡ್ಡ ಪೆಟ್ಟಿಗೆ, ದೊಡ್ಡ ಫ್ಯಾನ್, ನಿಧಾನ ತಿರುಗುತ್ತದೆ, ಬಿಸಿ ಹೊರಗೆ ಹೋಗುತ್ತದೆ.

ಸದ್ದನ್ನೂ ಲೆಕ್ಕಕ್ಕೆ ತಗೊಳ್ಳಿ. ಗೇಮಿಂಗ್ ಲ್ಯಾಪ್‌ಟಾಪ್ ಟರ್ಬೋ ಮೋಡಿನಲ್ಲಿ ಓಡುವಾಗ ಪಕ್ಕದ ಹಾಸಿಗೆಯಲ್ಲಿ ಮಲಗಿದವರಿಗೆ ನಿದ್ದೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಅಡುಗೆಮನೆಯಿಂದ "ಮಿಕ್ಸಿ ಯಾರು ಹಾಕಿದ್ದು?" ಅಂತ ಕೇಳಿದ್ದುಂಟು. ಒಬ್ಬರೇ ಇರುವ ಕೋಣೆಯಾದರೆ ಹೆಡ್‌ಫೋನ್ ಹಾಕಿದರೆ ಮುಗಿಯಿತು. ಮೂವರಿರುವ ಹಾಸ್ಟೆಲ್ ಕೋಣೆಯಲ್ಲಿ ಉಳಿದಿಬ್ಬರ ಬಗ್ಗೆಯೂ ಯೋಚಿಸಬೇಕು.

ಹಂತ 5: ನಿಮ್ಮ ಊರಿನ ಕರೆಂಟ್

ಬೇರೆ ದೇಶದವರ ವಿಡಿಯೋಗಳಲ್ಲಿ ಇದರ ಮಾತೇ ಬರುವುದಿಲ್ಲ. ನಮಗೆ ಇದು ಬೆಲೆಯಷ್ಟೇ ದೊಡ್ಡ ವಿಷಯ.

ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಯುಪಿಎಸ್. ಕರೆಂಟ್ ಹೋದರೂ ಆಫ್ ಆಗುವುದಿಲ್ಲ. ಆದರೆ ಆಟ ಹಾಗೇ ಮುಂದುವರಿಯುತ್ತೆ ಅಂದುಕೊಳ್ಳಬೇಡಿ. ಬ್ಯಾಟರಿ ಮೇಲೆ ಗ್ರಾಫಿಕ್ಸ್ ಚಿಪ್‌ಗೆ ಸಿಗುವ ವ್ಯಾಟ್ ಕಡಿಮೆಯಾಗಿ, ದೊಡ್ಡ ಆಟಗಳಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಅರ್ಧಕ್ಕಿಂತ ಕೆಳಗೆ ಬೀಳುವುದು ಸಾಮಾನ್ಯ. ಸೇವ್ ಮಾಡಿ ಎದ್ದುಬಿಡುವುದೇ ಸರಿ.

ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕೇ ಬೇಕು. ಇಲ್ಲೊಂದು ಲೆಕ್ಕ ತಪ್ಪುತ್ತಾರೆ. ಅಂಗಡಿಯಲ್ಲಿ ಸುಮ್ನೆ ಯುಪಿಎಸ್ ಕೊಡಿ ಅಂದರೆ 600 ವಿಎ ಇರುವುದನ್ನು ಕೊಡುತ್ತಾರೆ. ವಿಎ ಬೇರೆ, ವ್ಯಾಟ್ ಬೇರೆ. ಆ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. 4060 ಮಟ್ಟದ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ ಆಟದ ಸಮಯದಲ್ಲಿ 300 ವ್ಯಾಟ್ ಆಸುಪಾಸು ಎಳೆಯುತ್ತವೆ. ಹೊಸದರಲ್ಲಿ ಹೇಗೋ ತಡೆದುಕೊಳ್ಳುತ್ತದೆ. ವರ್ಷದ ಮೇಲೆ ಬ್ಯಾಟರಿ ಸೋತಾಗ ಕರೆಂಟ್ ಹೋದ ಕೂಡಲೇ ಎರಡೂ ಆಫ್. ಆದ್ದರಿಂದ 1,000 ಅಥವಾ 1,100 ವಿಎ ಇರುವುದನ್ನೇ ತಗೊಳ್ಳಿ. ಅದು 600 ವ್ಯಾಟಿಗಿಂತ ಕಡಿಮೆ ಇರಬಾರದು. ಅದೂ ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ನೆಟ್ಟಗೆ ಶಟ್‌ಡೌನ್ ಮಾಡುವ ಐದಾರು ನಿಮಿಷಕ್ಕೆ.

ಮನೆಯಲ್ಲಿ ಇನ್ವರ್ಟರ್ ಇದೆ ಸಾಕು ಅನ್ನುವವರು ಎರಡು ವಿಷಯ ನೋಡಿ. ಅದು ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನಂಥದೇ ನಯವಾದ ಕರೆಂಟ್ ಕೊಡುವಂಥದ್ದು) ಆಗಿರಬೇಕು. ಮತ್ತು ಹಿಂದುಗಡೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಆನ್ ಮಾಡಿರಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಅರ್ಥಿಂಗ್ ಬಗ್ಗೆಯೂ ಹೇಳಬೇಕು. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಒಳಗೆ ಅರ್ಥ್ ವೈರೇ ಇರುವುದಿಲ್ಲ. ಡೆಸ್ಕ್‌ಟಾಪ್ ಪೆಟ್ಟಿಗೆ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಅದೇ ಕಾರಣ. ಕಂಪ್ಯೂಟರ್ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇನ್ನೊಂದು ಮಾತು. ಮೇ ತಿಂಗಳ ಒಂದು ಸಂಜೆ ತೀರ್ಥಹಳ್ಳಿಯ ಮನೆಯಲ್ಲಿ ಗುಡುಗು ಶುರುವಾಯಿತು. ನಾನು ಓಡಿ ಹೋಗಿ ಕಂಪ್ಯೂಟರಿನ ಪ್ಲಗ್ ಕಿತ್ತೆ. ಯುಪಿಎಸ್ ಪ್ಲಗ್ಗೂ ಕಿತ್ತೆ. ರೂಟರಿನಿಂದ ಬರುವ ಲ್ಯಾನ್ ಕೇಬಲ್ ಮರೆತೆ. ಹತ್ತಿರದ ಅಡಿಕೆ ತೋಟಕ್ಕೆ ಸಿಡಿಲು ಹೊಡೆಯಿತು. ಆಗ ನಮ್ಮದು ತಾಮ್ರದ ಟೆಲಿಫೋನ್ ಲೈನ್. ರೂಟರ್ ಸತ್ತಿತು, ಕೇಬಲ್ ಹಿಡಿದು ಬಂದ ಏಟಿಗೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟೂ ಸತ್ತಿತು. ಪೋರ್ಟಿನ ಒಳಗೆ ಕರಿ ಕಲೆ, ಸುಟ್ಟ ವಾಸನೆ ಎರಡು ದಿನ ಹೋಗಲಿಲ್ಲ. ಉಳಿದದ್ದೆಲ್ಲ ಸರಿಯಿತ್ತು, ನಾನೂರು ರೂಪಾಯಿಯ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿಕೊಂಡು ಮೂರು ವರ್ಷ ಓಡಿಸಿದೆ. ಲ್ಯಾಪ್‌ಟಾಪ್ ಆಗಿದ್ದರೆ ಗುಡುಗು ಕೇಳಿದ ಕೂಡಲೇ ಎಲ್ಲ ಕಿತ್ತು ಮಡಿಚಿ ಬೀರುವಿನಲ್ಲಿ ಇಡಬಹುದಿತ್ತು. ಡೆಸ್ಕ್‌ಟಾಪ್ ಇಡುವವರು ಪ್ಲಗ್ ಜೊತೆ ಲ್ಯಾನ್ ಕೇಬಲ್ ಕೀಳುವುದನ್ನೂ ಮನೆಯವರಿಗೆಲ್ಲ ಹೇಳಿಕೊಡಿ.

ಇನ್ನು ಕರೆಂಟ್ ಬಿಲ್. ಡೆಸ್ಕ್‌ಟಾಪ್ 350 ವ್ಯಾಟ್ ಎಳೆಯುತ್ತದೆ, ದಿನಕ್ಕೆ ಮೂರು ಗಂಟೆ ಆಡುತ್ತೀರಿ ಅಂತ ಇಟ್ಟುಕೊಳ್ಳಿ. ದಿನಕ್ಕೆ ಸುಮಾರು ಒಂದು ಯೂನಿಟ್, ತಿಂಗಳಿಗೆ 31. ಲ್ಯಾಪ್‌ಟಾಪ್ 180 ವ್ಯಾಟ್ ಅಂದರೆ ತಿಂಗಳಿಗೆ 16. ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದರೆ ಗೃಹಜ್ಯೋತಿ ಇರುವ ಮನೆಗಳಲ್ಲಿ ಹಳೇ ಸರಾಸರಿಯ ಮೇಲೆ ಸ್ವಲ್ಪ ಮಾತ್ರ ಸೇರಿಸಿ ಉಚಿತ ಮಿತಿ ನಿಗದಿ ಆಗಿರುತ್ತದೆ. ಅದನ್ನು ದಾಟಿದ ಯೂನಿಟ್‌ಗೆ ದುಡ್ಡು ಕೊಡಬೇಕು, ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಲೇ 175 ಯೂನಿಟ್ ಬರುತ್ತಿರುವ ಮನೆಗೆ ಡೆಸ್ಕ್‌ಟಾಪಿನ 31 ಯೂನಿಟ್ ಸೇರಿದರೆ ಸೊನ್ನೆ ಬಿಲ್ ಹೋಗಿ ಪೂರ್ತಿ ಬಿಲ್ ಬರುತ್ತದೆ. ಹಳೇ ಬಿಲ್ ಒಂದನ್ನು ತೆಗೆದು ನೋಡಿ, ಮನೆಯಲ್ಲಿ ಆಮೇಲೆ ಮಾತು ಬೆಳೆಯುವುದು ತಪ್ಪುತ್ತದೆ.

ಹಂತ 6: ಪೂರ್ತಿ ಬಿಲ್ ಬರೆದು ಹೋಲಿಸಿ

ಡೆಸ್ಕ್‌ಟಾಪ್ ಕಡಿಮೆ ಬೆಲೆಗೆ ಜಾಸ್ತಿ ಶಕ್ತಿ ಕೊಡುತ್ತೆ ಅನ್ನುವುದು ನಿಜ. ಆದರೆ ಜನ ಪೆಟ್ಟಿಗೆಯ ಬೆಲೆಯನ್ನು ಲ್ಯಾಪ್‌ಟಾಪಿನ ಬೆಲೆಗೆ ಹೋಲಿಸುತ್ತಾರೆ. ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಲ್ಯಾಪ್‌ಟಾಪ್: ಯಂತ್ರ, ಮೌಸ್, ಹೆಡ್‌ಸೆಟ್, ಹೆಚ್ಚುವರಿ ವಾರಂಟಿ. ಬಲಕ್ಕೆ ಡೆಸ್ಕ್‌ಟಾಪ್: ಪೆಟ್ಟಿಗೆಯೊಳಗಿನ ಭಾಗಗಳು, ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ವೆಬ್‌ಕ್ಯಾಮ್, ಯುಪಿಎಸ್, ವಿಂಡೋಸ್ ಲೈಸೆನ್ಸ್, ಮದರ್‌ಬೋರ್ಡಿನಲ್ಲಿ ವೈಫೈ ಇಲ್ಲದಿದ್ದರೆ ಅದಕ್ಕೊಂದು ಅಡಾಪ್ಟರ್, ಮೇಜು, ಕುರ್ಚಿ. ಹೊಸದಾಗಿ ಎಲ್ಲ ಕೊಳ್ಳುವವರಿಗೆ ಪೆಟ್ಟಿಗೆಯ ಹೊರಗಿನ ಖರ್ಚೇ 25 ಸಾವಿರದ ಹತ್ತಿರ ಹೋಗಬಹುದು. ಮನೆಯಲ್ಲಿ ಆಗಲೇ ಮಾನಿಟರ್, ಮೇಜು ಇದ್ದರೆ ಕಥೆ ಬೇರೆ.

ಬೆಲೆಯನ್ನು ಹಳೇ ವಿಡಿಯೋ ನೋಡಿ ಬರೆಯಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಅದಕ್ಕೂ ಮೊದಲು ಮಾಡಿದ ಬಿಲ್ಡ್ ಪಟ್ಟಿಗಳ ಲೆಕ್ಕ ಈಗ ಹೊಂದುವುದಿಲ್ಲ. ಆವತ್ತಿನ ಕೊಟೇಶನ್ ತಗೊಂಡೇ ಹೋಲಿಸಿ.

ಹಂತ 7: ನಾಲ್ಕನೇ ವರ್ಷದಲ್ಲಿ ಏನಾಗುತ್ತದೆ?

ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎರಡೂ ಮದರ್‌ಬೋರ್ಡಿಗೆ ಬೆಸುಗೆ ಆಗಿರುತ್ತವೆ. ಬದಲಾಯಿಸಲು ಆಗುವುದು ಸಾಮಾನ್ಯವಾಗಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ. ನನ್ನ ಹಿಂದಿನ ಗೇಮಿಂಗ್ ಲ್ಯಾಪ್‌ಟಾಪ್ ಹದಿನಾಲ್ಕನೇ ತಿಂಗಳಿನಲ್ಲಿ ಒಂದು ಬೆಳಗ್ಗೆ ಆನ್ ಆಗಲಿಲ್ಲ. ವಾರಂಟಿ ಒಂದು ವರ್ಷದ್ದು. ಮದರ್‌ಬೋರ್ಡ್ ಹೋಗಿದೆ, ಹೊಸದು ಹಾಕಲು ಕೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿ ಆಗುತ್ತೆ ಅಂದರು. ಎಸ್‌ಎಸ್‌ಡಿ ಬಿಚ್ಚಿಕೊಂಡು ಮನೆಗೆ ಬಂದೆ. ಎರಡು ವರ್ಷದ ಹೆಚ್ಚುವರಿ ವಾರಂಟಿಗೆ ಆವತ್ತು ಆರು ಸಾವಿರ ಕೇಳಿದ್ದರು, ನಾನು ಬೇಡ ಅಂದಿದ್ದೆ. ಈಗ ಯಾರೇ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡರೂ ವಾರಂಟಿ ಕನಿಷ್ಠ ಮೂರು ವರ್ಷಕ್ಕೆ ಏರಿಸಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಆ ಖರ್ಚನ್ನು ಬೆಲೆಯ ಭಾಗ ಅಂತಲೇ ಹಿಡಿಯಿರಿ.

ಡೆಸ್ಕ್‌ಟಾಪಿನಲ್ಲಿ ಕೆಟ್ಟದ್ದು ಒಂದೇ ಭಾಗವಾಗಿರುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್‌ಎಸ್‌ಡಿ ಮತ್ತು ಪವರ್ ಸಪ್ಲೈಗೆ ಐದು ವರ್ಷದ ವಾರಂಟಿ ಸಿಗುತ್ತದೆ. ತೊಂದರೆ ಏನೆಂದರೆ ಯಾವ ಭಾಗ ಕೆಟ್ಟಿದೆ ಅಂತ ನೀವೇ ಕಂಡುಹಿಡಿದು, ಆ ಕಂಪನಿಯ ಸೆಂಟರಿಗೆ ನೀವೇ ಒಯ್ಯಬೇಕು. ಸಣ್ಣ ಊರಿನವರಿಗೆ ಅದು ಕೊರಿಯರ್ ಮತ್ತು ಎರಡು ಮೂರು ವಾರದ ಕಾಯುವಿಕೆ. ಲ್ಯಾಪ್‌ಟಾಪಿಗೆ ಆನ್‌ಸೈಟ್ ವಾರಂಟಿ ಇದ್ದರೆ ಅವರೇ ಮನೆಗೆ ಬರುತ್ತಾರೆ. ನಿಮ್ಮ ಪಿನ್‌ಕೋಡಿಗೆ ಆ ಸೌಲಭ್ಯ ಇದೆಯಾ ಅಂತ ಕೊಳ್ಳುವ ಮೊದಲು ಕೇಳಿ.

ಮುಂದೆ ಅಪ್‌ಗ್ರೇಡ್ ಮಾಡುವ ಆಸೆ ಇದ್ದರೆ ಮದರ್‌ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ನೋಡಿ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು. ಕನಿಷ್ಠ 2027ರವರೆಗೆ ಅದಕ್ಕೆ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಅದರ ಹಿಂದಿನ ಎಎಂ4ರಲ್ಲಿ ನನ್ನ ಗೆಳೆಯನೊಬ್ಬ ರೈಝೆನ್ 5 1600ರಿಂದ ಶುರು ಮಾಡಿ, ಬಯಾಸ್ (ಮದರ್‌ಬೋರ್ಡಿನ ಒಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ, ಅದೇ ಬೋರ್ಡಿಗೆ 5600 ಹಾಕಿ ಇವತ್ತಿಗೂ ಆಡುತ್ತಿದ್ದಾನೆ.

ಹಂತ 8: ಲ್ಯಾಪ್‌ಟಾಪ್ ಅಂತ ಉತ್ತರ ಬಂದರೆ

ವ್ಯಾಟ್ ನೋಡುವುದು ಹೇಗೆ ಅಂತ ಆಗಲೇ ಹೇಳಿದೆ. ಅದರ ಜೊತೆ ಪರದೆಯ ಬಗ್ಗೆ ಕೇಳಿ. 144 ಹರ್ಟ್ಸ್ ಅಂತ ಹಾಕಿರುತ್ತಾರೆ, ಬಣ್ಣದ ಮಾತೇ ಆಡಿರುವುದಿಲ್ಲ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದಕ್ಕೆ ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಅನ್ನುವ ಅಳತೆಗಳಿವೆ. 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತಿದ್ದರೆ ಬಣ್ಣ ತೊಳೆದಂತೆ ಕಾಣುತ್ತದೆ. 100 ಪರ್ಸೆಂಟ್ ಎಸ್‌ಆರ್‌ಜಿಬಿ ಇರುವುದನ್ನು ಹುಡುಕಿ, ಎರಡು ಮೂರು ಸಾವಿರ ಜಾಸ್ತಿ ಆದರೂ ಪರವಾಗಿಲ್ಲ. ದಿನಾ ಎಂಟು ಗಂಟೆ ನೋಡುವುದು ಅದನ್ನೇ.

ಮಕ್ಸ್ ಸ್ವಿಚ್ ಇದೆಯಾ ಕೇಳಿ. ಅದು ಇದ್ದರೆ ಚಿತ್ರ ಗ್ರಾಫಿಕ್ಸ್ ಚಿಪ್‌ನಿಂದ ನೇರ ಪರದೆಗೆ ಹೋಗುತ್ತದೆ, ಫ್ರೇಮ್ ರೇಟ್ ಸ್ವಲ್ಪ ಏರುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತ ತೋರಿಸುತ್ತದೆ. 16 ಜಿಬಿ ರ‍್ಯಾಮ್ ಒಂದೇ ಕಡ್ಡಿಯಲ್ಲಿದ್ದರೆ ಆಟದಲ್ಲಿ ವೇಗ ಕಡಿಮೆ. 8 ಜಿಬಿಯ ಎರಡು ಇದ್ದರೆ ಒಳ್ಳೆಯದು.

ಮನೆಗೆ ತಂದ ಮೇಲೆ ಬ್ಯಾಟರಿ ಚಾರ್ಜ್ ಮಿತಿಯನ್ನು 80 ಪರ್ಸೆಂಟಿಗೆ ಇಡಿ, ಕಂಪನಿಯ ಆ್ಯಪಿನಲ್ಲೇ ಆಯ್ಕೆ ಇರುತ್ತದೆ. ಹಾಸಿಗೆ ಮೇಲೆ ಇಟ್ಟು ಆಡಬೇಡಿ, ಕೆಳಗಿನ ಗಾಳಿ ಕಿಂಡಿ ಪೂರ್ತಿ ಮುಚ್ಚಿಹೋಗುತ್ತದೆ. ಹಿಂದಿನ ಎರಡು ಕಾಲಿಗೆ ಒಂದೊಂದು ದಪ್ಪ ಪುಸ್ತಕ ಕೊಟ್ಟರೂ ಕೆಲವು ಡಿಗ್ರಿ ಇಳಿಯುತ್ತದೆ.

ಹಂತ 9: ಡೆಸ್ಕ್‌ಟಾಪ್ ಅಂತ ಉತ್ತರ ಬಂದರೆ

ಬಜೆಟ್ ಹಂಚುವಾಗ ಪೆಟ್ಟಿಗೆಯೊಳಗಿನ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಗ್ರಾಫಿಕ್ಸ್ ಕಾರ್ಡಿಗೆ ಇಡಿ. ಪವರ್ ಸಪ್ಲೈಯಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಅಂಗಡಿಯವರು ಪೆಟ್ಟಿಗೆಯ ಜೊತೆ ಉಚಿತ ಅಂತ ಕೊಡುವ ಎಸ್‌ಎಂಪಿಎಸ್ (ಪವರ್ ಸಪ್ಲೈಯ ಇನ್ನೊಂದು ಹೆಸರು) ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಖಾಲಿ ಡಬ್ಬಿಯಷ್ಟು ಹಗುರ. ಅದು ಹೋಗುವಾಗ ತಾನೊಂದೇ ಹೋಗುವುದಿಲ್ಲ, ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗುತ್ತದೆ. 4060 ಕಾರ್ಡಿಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್. ಐದು ವರ್ಷ ವಾರಂಟಿ ಇರುವ 550 ಅಥವಾ 650 ವ್ಯಾಟಿನದು ತಗೊಳ್ಳಿ.

ಬೆಂಗಳೂರಿನವರು, ಬೆಂಗಳೂರಿಗೆ ಬಂದು ಹೋಗುವವರು ಒಂದು ದಿನ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಇಡಿ. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಮೆಟ್ರೋದಲ್ಲಿ ಬಂದು ನಡೆದು ಹೋಗುವುದೇ ವಾಸಿ. ಕನಿಷ್ಠ ಮೂರು ಅಂಗಡಿಯಲ್ಲಿ ಒಂದೇ ಪಟ್ಟಿ ಕೊಟ್ಟು ಕೊಟೇಶನ್ ಬರೆಸಿಕೊಳ್ಳಿ. ಪಟ್ಟಿಯಲ್ಲಿ ಸುಮ್ನೆ 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಅಂತ ಬರೆಯಬೇಡಿ. ಕಂಪನಿ, ಮಾಡೆಲ್ ಎರಡೂ ಬರೆಯಿರಿ. ಇಲ್ಲದಿದ್ದರೆ ಮೂರು ಅಂಗಡಿಯ ಬೆಲೆಗಳನ್ನು ಹೋಲಿಸಲು ಆಗುವುದೇ ಇಲ್ಲ. ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀನಿ ಅಂದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ ಇಲ್ಲದೆ ವಾರಂಟಿಗೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ. ಖಾಲಿ ಡಬ್ಬಿಗಳನ್ನೂ ಅಟ್ಟದ ಮೇಲೆ ಎತ್ತಿಡಿ.

ಜೋಡಿಸಿದ ದಿನವೇ ಮೂರು ಕೆಲಸ ಮಾಡಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೆ ಹೋಗಿದೆಯಾ ನೋಡಿ. ಮದರ್‌ಬೋರ್ಡಿನ ಪೋರ್ಟಿಗೆ ಹಾಕಿಕೊಂಡು ತಿಂಗಳುಗಟ್ಟಲೆ ಆಡಿದವರನ್ನು ನೋಡಿದ್ದೇನೆ, ಮೂವತ್ತು ಸಾವಿರದ ಕಾರ್ಡ್ ಒಳಗೆ ಸುಮ್ಮನೆ ಕೂತಿರುತ್ತದೆ. ಎರಡನೆಯದು, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟ್ ನೋಡಿ. 165 ಹರ್ಟ್ಸ್ ಮಾನಿಟರ್ ಕೂಡ 60ರಲ್ಲೇ ಕೂತಿರಬಹುದು. ಮೂರನೆಯದು, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ 6000ದ ಡಿಡಿಆರ್5 ರ‍್ಯಾಮ್ 4800ರಲ್ಲೇ ಓಡಬಹುದು.

ಎರಡೂ ಬೇಕು ಅನ್ನಿಸಿದವರಿಗೆ

ಮನೆಯಲ್ಲಿ ಡೆಸ್ಕ್‌ಟಾಪ್, ಕಾಲೇಜಿಗೆ ಒಂದು ಸಾಧಾರಣ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅನ್ನುವ ದಾರಿಯೂ ಇದೆ. ದಿನಾ ಮನೆಯಿಂದಲೇ ಕಾಲೇಜಿಗೆ ಹೋಗಿ ಬರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನೊಂದು ದಾರಿ, ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡು ಕೋಣೆಯಲ್ಲಿ 24 ಇಂಚಿನ ಮಾನಿಟರ್ ಜೋಡಿಸಿಕೊಳ್ಳುವುದು.

ತಮ್ಮನ ಹಾಳೆಯಲ್ಲಿ ವಾರಕ್ಕೆ ನಾಲ್ಕು ಗುರುತು ಬಿದ್ದಿದ್ದವು. ಮೂರು ದಿನ ಲ್ಯಾಬ್, ಒಂದು ದಿನ ಕೋಡಿಂಗ್ ಕ್ಲಬ್. ದಪ್ಪ ಲ್ಯಾಪ್‌ಟಾಪ್ ಆಯಿತು. ತೆಳ್ಳಗಿನದಕ್ಕಿಂತ ಉಳಿದ ನಾಲ್ಕು ಸಾವಿರಕ್ಕೆ ಇನ್ನೆರಡು ಸಾವಿರ ಸೇರಿಸಿ ವಾರಂಟಿ ಮೂರು ವರ್ಷಕ್ಕೆ ಏರಿಸಿದೆವು. ಕೆಳಗಿನ ತುಟಿ ಕಚ್ಚಿಕೊಂಡು ತೆಳ್ಳಗಿನದನ್ನು ಇನ್ನೊಮ್ಮೆ ನೋಡಿದ, ಆಮೇಲೆ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ಆನ್ ಮಾಡಿದ. ಪರದೆ ಪೂರ್ತಿ ಬಿಳಿ ಮಾಡಿ, ಪೂರ್ತಿ ಕಪ್ಪು ಮಾಡಿ ಚುಕ್ಕೆ ಇದೆಯಾ ಅಂತ ಹುಡುಕಿದೆವು. ಕೀಲು ನಾಲ್ಕು ಸಲ ಮಡಿಚಿ ತೆರೆದೆವು, ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಮತ್ತು ಬಿಲ್ಲಿನದು ಒಂದೇನಾ ನೋಡಿದೆವು. ಆನ್‌ಲೈನ್‌ನಲ್ಲಿ ತರಿಸುವವರು ಇದನ್ನೇ ಡಬ್ಬಿ ಒಡೆಯುವಾಗಿನಿಂದ ಒಂದೇ ವಿಡಿಯೋದಲ್ಲಿ ಹಿಡಿದಿಡಿ. ಮೊದಲ ಮೂರು ದಿನ ದಿನಕ್ಕೆರಡು ಗಂಟೆ ನಿಮ್ಮ ಅತಿ ಭಾರದ ಆಟವನ್ನೇ ಆಡಿ. ತೊಂದರೆ ಇದ್ದರೆ ಬದಲಿ ಕೊಡುವ ಅವಧಿ ಮುಗಿಯುವ ಮೊದಲೇ ಅದು ಕಾಣಿಸಿಕೊಳ್ಳಲಿ.